ಎಲೆ ಬಿಡಿಸದೆ ಕಾಡು ಬರೆದ ಟೈರಸ್ ವಾಂಗ್

ಕಲಾಶಾಲೆಯ ಕಸ ಗುಡಿಸುತ್ತಲೇ ಚಿತ್ರ ಕಲಿತ ವಲಸೆ ಹುಡುಗನೊಬ್ಬ ಡಿಸ್ನಿ ಸ್ಟುಡಿಯೊದ ಕಟ್ಟಕಡೆಯ ಮೇಜಿಗೆ ಬಂದು ಕುಳಿತ. ಎರಡೇ ವರ್ಷದಲ್ಲಿ ‘ಬ್ಯಾಂಬಿ’ ಸಿನಿಮಾದ ಬಣ್ಣ, ಬೆಳಕು ಅವನ ಕುಂಚದ ಜಾಡು ಹಿಡಿದವು.

1937ರ ಕೊನೆಗೆ ತೆರೆಕಂಡ ‘ಸ್ನೋ ವೈಟ್’ ಭರ್ಜರಿಯಾಗಿ ಗೆದ್ದಿತ್ತು. ಆ ಗೆಲುವಿನ ಬೆನ್ನಲ್ಲೇ ವಾಲ್ಟ್ ಡಿಸ್ನಿ ಅವರ ಸ್ಟುಡಿಯೊದಲ್ಲಿ ಒಂದು ಜಿಂಕೆಮರಿ ಕಾಡಿನಲ್ಲಿ ಕಳೆದುಹೋಯಿತು. ಕಳೆದುಹೋದದ್ದು ಕಥೆಯೊಳಗಲ್ಲ, ಕಾಗದದ ಮೇಲೆ. ಆಸ್ಟ್ರಿಯಾದ ಲೇಖಕ ಫೆಲಿಕ್ಸ್ ಸಾಲ್ಟನ್ ಅವರ ‘ಬ್ಯಾಂಬಿ’ ಕಾದಂಬರಿಯನ್ನು ಸಿನಿಮಾ ಮಾಡಲು ಹೊರಟಿದ್ದ ಕಲಾವಿದರು, ‘ಸ್ನೋ ವೈಟ್’ನಲ್ಲಿ ಕೈಹಿಡಿದ ಶೈಲಿಯನ್ನೇ ಇಲ್ಲಿಗೂ ತಂದಿದ್ದರು. ತೊಗಟೆಯ ಒಂದೊಂದು ಬಿರುಕು, ಪೊದೆಯ ಒಂದೊಂದು ಎಲೆ, ನೆಲದ ಒಂದೊಂದು ಹುಲ್ಲುಕಡ್ಡಿಯನ್ನೂ ಬಿಡದೆ ಬರೆಯುವ ಶೈಲಿ ಅದು.

ಸ್ನೋ ವೈಟ್‌ಗೆ ಹಳದಿ ಲಂಗವಿತ್ತು, ಕುಳ್ಳರಿಗೆ ಬಣ್ಣಬಣ್ಣದ ಟೊಪ್ಪಿಗೆಗಳಿದ್ದವು. ಹಿನ್ನೆಲೆ ಎಷ್ಟೇ ತುಂಬಿಕೊಂಡಿದ್ದರೂ ಅವರು ಎದ್ದು ಕಾಣುತ್ತಿದ್ದರು. ಜಿಂಕೆಗೆ ಬಟ್ಟೆಯಿಲ್ಲ. ಕಂದು ಮೈಯ ಪ್ರಾಣಿಯನ್ನು ಕಂದು, ಹಸಿರು ಬಣ್ಣದ ಕಾಡಿನಲ್ಲಿ ನಿಲ್ಲಿಸಿ, ಸುತ್ತ ಸಾವಿರ ಎಲೆ ಬಿಡಿಸಿದರೆ ನೋಡುವವನ ಕಣ್ಣು ಎಲೆಗಳ ಮೇಲೇ ಅಲೆಯುತ್ತದೆ. ನಿಜವಾದ ಕಾಡಿನಲ್ಲಿ ಜಿಂಕೆಯನ್ನು ಕಾಪಾಡುವ ಮೈಬಣ್ಣವೇ ತೆರೆಯ ಮೇಲೆ ಅದಕ್ಕೆ ಶತ್ರುವಾಯಿತು.

ಈ ಗಂಟನ್ನು ಬಿಡಿಸಿದ್ದು ನಿರ್ದೇಶಕರೂ ಅಲ್ಲ, ಹೆಸರುವಾಸಿ ಅನಿಮೇಟರುಗಳೂ ಅಲ್ಲ. 1938ರಲ್ಲಷ್ಟೇ ಸ್ಟುಡಿಯೊದ ಅತಿ ಕೆಳಗಿನ ಕೆಲಸಕ್ಕೆ ಸೇರಿಕೊಂಡಿದ್ದ ಟೈರಸ್ ವಾಂಗ್. ಕೊಟ್ಟ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಕೊಂಡು ಹೋದರೆ ಮೆಟ್ಟಿಲು ತಾನಾಗಿ ಸಿಗುತ್ತದೆ ಎಂದು ಎಲ್ಲ ಕಸುಬುಗಳಲ್ಲೂ ಹೊಸಬರಿಗೆ ಹೇಳುವುದುಂಟು. ವಾಂಗ್ ಅವರ ಬದುಕನ್ನು ನೋಡಿದರೆ ಆ ಮಾತು ಅರ್ಧ ಮಾತ್ರ ನಿಜ ಅನಿಸುತ್ತದೆ. ಕೊಟ್ಟ ಕೆಲಸ ಅವರನ್ನು ಬಾಗಿಲ ಒಳಗೆ ತಂದಿತು, ಅಷ್ಟೆ. ಮೇಲಕ್ಕೆತ್ತಿದ್ದು ಸ್ಟುಡಿಯೊ ಕಲಿಸದೇ ಇದ್ದ, ಅವರು ಹೊರಗಿನಿಂದ ಹೊತ್ತು ತಂದಿದ್ದ ಒಂದು ವಿದ್ಯೆ.

ಸುಳ್ಳು ಹೆಸರಿನ ಪ್ರಯಾಣ

ವಾಂಗ್ ಹುಟ್ಟಿದ್ದು 1910ರ ಅಕ್ಟೋಬರ್ 25ರಂದು, ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತದ ತೈಷಾನ್ ಸೀಮೆಯ ಬಡ ಕುಟುಂಬದಲ್ಲಿ. ಅಮೆರಿಕಕ್ಕೆ ದುಡಿಯಲು ಹೋಗುವುದು ಆ ಸೀಮೆಯ ಗಂಡಸರಿಗೆ ತಲೆಮಾರುಗಳಿಂದ ರೂಢಿಯಾಗಿತ್ತು. ಆದರೆ ಅಮೆರಿಕ 1882ರಲ್ಲೇ ಕಾನೂನು ಮಾಡಿ ಚೀನೀ ಕೂಲಿಕಾರರಿಗೆ ಬಾಗಿಲು ಮುಚ್ಚಿತ್ತು. ವ್ಯಾಪಾರಿಗಳು, ವಿದ್ಯಾರ್ಥಿಗಳು, ಅಲ್ಲೇ ಹುಟ್ಟಿದವರು ಮತ್ತು ಅವರ ಮಕ್ಕಳಂಥ ಕೆಲವರಿಗೆ ಮಾತ್ರ ಒಳಗೆ ಹೋಗಲು ಅವಕಾಶವಿತ್ತು.

1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ಭೂಕಂಪ ಅಲುಗಾಡಿಸಿತು. ಅದರ ಹಿಂದೆಯೇ ಹಬ್ಬಿದ ಬೆಂಕಿಯಲ್ಲಿ ಸರ್ಕಾರಿ ಜನನ ದಾಖಲೆಗಳು ಸುಟ್ಟುಹೋದವು. ತಾನು ಇಲ್ಲೇ ಹುಟ್ಟಿದವನು, ಊರಿನಲ್ಲಿ ಇಷ್ಟು ಮಕ್ಕಳಿದ್ದಾರೆ ಎಂದು ಯಾರಾದರೂ ಹೇಳಿಕೊಂಡರೆ ಅಲ್ಲಗಳೆಯಲು ಕಾಗದವೇ ಉಳಿಯಲಿಲ್ಲ. ಹೀಗೆ ದಾಖಲೆಯಲ್ಲಿ ಮಾತ್ರ ಇದ್ದ ಮಕ್ಕಳ ಹೆಸರಿನಲ್ಲಿ ಬೇರೆ ಹುಡುಗರು ಹಡಗು ಹತ್ತುವ ಪದ್ಧತಿ ಶುರುವಾಯಿತು. ಅವರನ್ನು ‘ಕಾಗದದ ಮಕ್ಕಳು’ ಎಂದೇ ಕರೆಯುತ್ತಿದ್ದರು. 1920ರಲ್ಲಿ, ಒಂಬತ್ತೋ ಹತ್ತೋ ವರ್ಷದವನಾಗಿದ್ದ ವಾಂಗ್ ಗೆನ್ ಯೋ ಎಂಬ ಬಾಲಕ ಲುಕ್ ತೈ ಯೋ ಎಂಬ ಸುಳ್ಳು ಹೆಸರಿನಲ್ಲಿ ತಂದೆಯ ಜೊತೆ ಹೊರಟ. ತಾಯಿ ಮತ್ತು ಸೋದರಿ ಊರಲ್ಲೇ ಉಳಿದರು. ಅವರನ್ನು ಅವನು ಮತ್ತೆಂದೂ ನೋಡಲಿಲ್ಲ.

ತಂದೆ ಮೊದಲೇ ಅಮೆರಿಕದಲ್ಲಿದ್ದು ಬಂದವರಾದ್ದರಿಂದ ಬೇಗ ಬಿಡುಗಡೆಯಾದರು. ಹುಡುಗ ಮಾತ್ರ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಏಂಜೆಲ್ ದ್ವೀಪದ ವಲಸೆ ಠಾಣೆಯಲ್ಲಿ ಒಂಟಿಯಾಗಿ ಉಳಿದ. ಅಲ್ಲಿ ನಡೆಯುತ್ತಿದ್ದ ವಿಚಾರಣೆ ಪರೀಕ್ಷೆಗಿಂತ ಕಠಿಣ. ಮನೆಗೆ ಎಷ್ಟು ಮೆಟ್ಟಿಲು, ಊರ ಬಾವಿ ಯಾವ ದಿಕ್ಕಿಗೆ, ಪಕ್ಕದ ಮನೆಯಲ್ಲಿ ಯಾರಿದ್ದಾರೆ ಎಂಬಂಥ ಪ್ರಶ್ನೆಗಳನ್ನು ತಂದೆ, ಮಗ ಇಬ್ಬರಿಗೂ ಬೇರೆಬೇರೆಯಾಗಿ ಕೇಳಿ ಉತ್ತರಗಳನ್ನು ತಾಳೆ ನೋಡುತ್ತಿದ್ದರು. ಒಂದು ತಪ್ಪಿದರೂ ಮರಳಿ ಹಡಗು. ಎಷ್ಟೋ ಮಂದಿ ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡೇ ಬರುತ್ತಿದ್ದರು. ಸುಮಾರು ಒಂದು ತಿಂಗಳು ಕೂಡಿಹಾಕಿದ ಮೇಲೆ, 1921ರ ಜನವರಿ 27ರಂದು ಮೂವರು ಅಧಿಕಾರಿಗಳು ಹುಡುಗನನ್ನು ಪ್ರಶ್ನಿಸಿದರು. ಅವನು ಎಲ್ಲಿಯೂ ಎಡವಲಿಲ್ಲ.

ನೀರಿನಲ್ಲಿ ತಿದ್ದಿದ ಅಕ್ಷರ

ಸ್ಯಾಕ್ರಮೆಂಟೊದ ಶಾಲೆಯಲ್ಲಿ ‘ತೈ ಯೋ’ ಎಂಬ ಹೆಸರು ಶಿಕ್ಷಕರೊಬ್ಬರ ಬಾಯಲ್ಲಿ ‘ಟೈರಸ್’ ಆಯಿತು. ತಂದೆ ಕೆಲಸ ಹುಡುಕಿಕೊಂಡು ಲಾಸ್ ಏಂಜಲೀಸ್‌ಗೆ ಹೋದರು. ಕೆಲ ಕಾಲದ ನಂತರ ಮಗನೂ ಅಲ್ಲಿಗೆ ಸೇರಿಕೊಂಡ. ಅವರು ಉಳಿದುಕೊಂಡಿದ್ದು ಮಾಂಸದಂಗಡಿಗೂ ವೇಶ್ಯಾಗೃಹಕ್ಕೂ ನಡುವೆ ಸಿಕ್ಕಿಕೊಂಡ, ತಿಗಣೆ ಜಿರಲೆಗಳ ಅಗ್ಗದ ವಸತಿಗೃಹದಲ್ಲಿ. ಶಾಲೆ ಬಿಟ್ಟ ಮೇಲೆ ಹುಡುಗ ಪ್ಯಾಸಡೀನಾದ ಮನೆಗಳಲ್ಲಿ ಮನೆಗೆಲಸ ಮಾಡುತ್ತಿದ್ದ. ದಿನಕ್ಕೆ 50 ಸೆಂಟ್ ಕೂಲಿ.

ಚಿತ್ರದ ಮೊದಲ ಗುರು ತಂದೆಯೇ. ರಾತ್ರಿ ಊಟವಾದ ಮೇಲೆ ಮಗನಿಗೆ ಚೀನೀ ಅಕ್ಷರ ಬರೆಯುವ ಅಭ್ಯಾಸ ಮಾಡಿಸುತ್ತಿದ್ದರು. ಮಸಿಗೆ ದುಡ್ಡಿಲ್ಲ, ಒಳ್ಳೆಯ ಕಾಗದಕ್ಕೂ ದುಡ್ಡಿಲ್ಲ. ಕುಂಚವನ್ನು ನೀರಿನಲ್ಲಿ ಅದ್ದಿ ಹಳೆಯ ಪತ್ರಿಕೆಯ ಮೇಲೆ ಬರೆಸುತ್ತಿದ್ದರು. ನೀರು ತಾಗಿದ ಕಡೆ ಪತ್ರಿಕೆ ಕಪ್ಪಾಗಿ ಅಕ್ಷರ ಮೂಡುತ್ತದೆ, ಆರುತ್ತಿದ್ದಂತೆ ಮಾಯವಾಗುತ್ತದೆ, ಅದೇ ಹಾಳೆಯ ಮೇಲೆ ಮತ್ತೆ ಬರೆಯಬಹುದು. ಈ ಬಡತನದ ಪಾಠದಲ್ಲಿ ಒಂದು ಕಟ್ಟುನಿಟ್ಟೂ ಇತ್ತು. ನೀರಿನ ಗೆರೆಯನ್ನು ಅಳಿಸಿ ತಿದ್ದಲಾಗದು. ಕುಂಚವನ್ನು ಎಲ್ಲಿ ಒತ್ತಬೇಕು, ಎಲ್ಲಿ ಹಗುರಾಗಿ ಎತ್ತಬೇಕು ಎಂಬುದು ಗೆರೆ ಎಳೆಯುವ ಮೊದಲೇ ಮನಸ್ಸಿನಲ್ಲಿ ತೀರ್ಮಾನವಾಗಿರಬೇಕು. ಒಂದೇ ಎಳೆತದಲ್ಲಿ ರೂಪ ಹಿಡಿಯುವ ಈ ಪಳಗಿಕೆಗೆ ಮುಂದೆ ಹಾಲಿವುಡ್ ಸಂಬಳ ಕೊಡಲಿತ್ತು.

ಪ್ಯಾಸಡೀನಾದ ಶಾಲೆಯಲ್ಲಿ ಹುಡುಗನ ಕೈಗುಣ ಕಣ್ಣಿಗೆ ಬಿತ್ತು. ಲಾಸ್ ಏಂಜಲೀಸ್‌ನ ಓಟಿಸ್ ಕಲಾಶಾಲೆಯಲ್ಲಿ ಬೇಸಿಗೆ ರಜೆಗೆ ಉಚಿತವಾಗಿ ಕಲಿಯುವ ಅವಕಾಶ ಸಿಕ್ಕಿತು. ರಜೆ ಮುಗಿದ ಮೇಲೆ ಅವನು ಮಾಮೂಲಿ ಶಾಲೆಗೆ ಮರಳಲು ಒಪ್ಪಲಿಲ್ಲ. ಓಟಿಸ್‌ನಲ್ಲೇ ಮುಂದುವರಿಯಲು 90 ಡಾಲರ್ ಬೇಕಿತ್ತು. ಮಗನ ದಿನಗೂಲಿಯ ಲೆಕ್ಕದಲ್ಲಿ ಅದು ಅರ್ಧ ವರ್ಷದ ದುಡಿಮೆ. ತಂದೆ ಹೇಗೋ ಆ ಹಣ ಹೊಂದಿಸಿದರು. ಟೈರಸ್ ಆ ಕಲಾಶಾಲೆಯ ಅತಿ ಕಿರಿಯ ವಿದ್ಯಾರ್ಥಿಯಾದ, ಖರ್ಚು ತೂಗಿಸಲು ಅಲ್ಲೇ ಕಸ ಗುಡಿಸುವ ಕೆಲಸವನ್ನೂ ಹಿಡಿದ.

ಹೀಗೆ ಕನಿಷ್ಠ ಐದು ವರ್ಷ ಅವನ ಕಲಿಕೆ ಎರಡು ದಿಕ್ಕಿನಲ್ಲಿ ನಡೆಯಿತು. ತರಗತಿಯಲ್ಲಿ ಯುರೋಪಿನ ಪದ್ಧತಿ: ಮನುಷ್ಯನ ಮೈಕಟ್ಟು, ನೆರಳು ಬೆಳಕು, ತೈಲವರ್ಣ. ಗ್ರಂಥಾಲಯದಲ್ಲಿ ತನ್ನಷ್ಟಕ್ಕೆ ಹುಡುಕಿಕೊಂಡು ನೋಡಿದ್ದು ಸಾಂಗ್ ರಾಜವಂಶದ ಕಾಲದ, ಅಂದರೆ 960ರಿಂದ 1279ರವರೆಗಿನ, ಚೀನೀ ನಿಸರ್ಗಚಿತ್ರಗಳನ್ನು. ಆ ಚಿತ್ರಗಳಲ್ಲಿ ಬೆಟ್ಟದ ಅರ್ಧ ಮಂಜಿನೊಳಗಿರುತ್ತದೆ. ಮಂಜು ಎಂದರೆ ಬಣ್ಣ ತಾಗಿಸದೆ ಬಿಟ್ಟ ಜಾಗ. ಮನುಷ್ಯ ಇದ್ದರೆ ಮೂಲೆಯಲ್ಲೆಲ್ಲೋ ಬೆರಳ ತುದಿಯಷ್ಟು ಇರುತ್ತಾನೆ.

ಓದು ಮುಗಿದ ಸ್ವಲ್ಪ ಕಾಲಕ್ಕೇ ತಂದೆ ತೀರಿಕೊಂಡರು. ಅದು ಮಹಾ ಆರ್ಥಿಕ ಕುಸಿತದ ಕಾಲ. ನಿರುದ್ಯೋಗಿ ಕಲಾವಿದರಿಗಾಗಿ ಅಮೆರಿಕ ಸರ್ಕಾರ ನಡೆಸುತ್ತಿದ್ದ ಯೋಜನೆಯಡಿ ವಾಂಗ್ ಗ್ರಂಥಾಲಯಗಳಿಗೆ, ಸಾರ್ವಜನಿಕ ಕಟ್ಟಡಗಳಿಗೆ ಚಿತ್ರ ಬರೆದರು. ಲಾಸ್ ಏಂಜಲೀಸ್‌ನ ಚೀನೀ ಪೇಟೆಯ ‘ಡ್ರ್ಯಾಗನ್ಸ್ ಡೆನ್’ ಹೋಟೆಲಿನ ಗೋಡೆಗಳಿಗೆ ಚಿತ್ರ ಬರೆದು, ಅಲ್ಲೇ ಊಟ ಬಡಿಸುವ ಕೆಲಸವನ್ನೂ ಮಾಡಿದರು. ರೂತ್ ಕಿಮ್ ಅವರನ್ನು ಮದುವೆಯಾದರು. 1938ರಲ್ಲಿ ಮೊದಲ ಮಗು ಹುಟ್ಟಿತು. ತಿಂಗಳ ಸಂಬಳ ಈಗ ಅನಿವಾರ್ಯವಾಯಿತು. ಡಿಸ್ನಿ ಸ್ಟುಡಿಯೊಗೆ ಅವರು ಅರ್ಜಿ ಹಾಕಿದ್ದು ಕಲೆಯ ಕನಸು ಹೊತ್ತಲ್ಲ, ಸಂಸಾರ ನಡೆಸಲು.

ನಡುವಿನ ಚಿತ್ರಗಳ ಗಾಣ

ಸಿಕ್ಕಿದ್ದು ‘ಇನ್‌ಬಿಟ್ವೀನರ್’ ಕೆಲಸ. ಅನಿಮೇಷನ್ ಹೇಗೆ ತಯಾರಾಗುತ್ತದೆ ಎಂದು ತಿಳಿದರೆ ಈ ಹುದ್ದೆ ಏಕೆ ಅಷ್ಟು ಕೆಳಗಿತ್ತು ಎನ್ನುವುದೂ ತಿಳಿಯುತ್ತದೆ.

ಸಿನಿಮಾ ತೆರೆಯ ಮೇಲೆ ಪ್ರತಿ ಸೆಕೆಂಡಿಗೆ 24 ಫ್ರೇಮ್‌ಗಳು ಓಡುತ್ತವೆ. 70 ನಿಮಿಷದ ಚಿತ್ರವೆಂದರೆ 1 ಲಕ್ಷಕ್ಕೂ ಮೀರಿದ ಫ್ರೇಮ್‌ಗಳು. ಒಂದು ಚಿತ್ರವನ್ನು ಎರಡು ಫ್ರೇಮ್‌ಗಳಷ್ಟು ಹೊತ್ತು ನಿಲ್ಲಿಸುವ ಉಪಾಯ ಮಾಡಿದರೂ, ಪರದೆಯ ಮೇಲಿರುವ ಪ್ರತಿ ಪಾತ್ರಕ್ಕೆ ಸೆಕೆಂಡಿಗೆ 12 ಚಿತ್ರಗಳು ಬೇಕು. ಇಷ್ಟನ್ನೂ ಮುಖ್ಯ ಅನಿಮೇಟರ್ ಒಬ್ಬರೇ ಬರೆಯುವುದಿಲ್ಲ. ಅವರು ಚಲನೆಯ ಆಯಕಟ್ಟಿನ ಭಂಗಿಗಳನ್ನಷ್ಟೇ ಬರೆಯುತ್ತಾರೆ. ಇವಕ್ಕೆ ‘ಕೀ’ ಎನ್ನುತ್ತಾರೆ. ರಂಗೋಲಿಯಲ್ಲಿ ಹಿರಿಯರು ಚುಕ್ಕಿಯಿಟ್ಟುಕೊಟ್ಟು, ಎಳೆ ಸೇರಿಸುವುದನ್ನು ಕಿರಿಯರಿಗೆ ಬಿಡುವ ಹಾಗೆ, ಎರಡು ‘ಕೀ’ ಚಿತ್ರಗಳ ನಡುವೆ ಬರುವ ಚಿತ್ರಗಳನ್ನು ಬರೆಯುವವರೇ ಇನ್‌ಬಿಟ್ವೀನರುಗಳು.

ಮೇಜಿನ ನಡುವೆ ಗಾಜು, ಗಾಜಿನ ಕೆಳಗೆ ದೀಪ. ತೂತು ಹೊಡೆದ ಹಾಳೆಗಳು ಒಂದಿಷ್ಟೂ ಜರುಗದಂತೆ ಮೇಜಿನ ಗೂಟಗಳಿಗೆ ಸಿಕ್ಕಿಕೊಂಡಿರುತ್ತವೆ. ಕೆಳಗಿನ ಹಾಳೆಯಲ್ಲಿ ಮಿಕ್ಕಿ ಮೌಸ್‌ನ ಕೈ ಕೆಳಗಿದೆ, ಅದರ ಮೇಲಿನ ಹಾಳೆಯಲ್ಲಿ ಮೇಲಿದೆ. ಬೆಳಕಿನಲ್ಲಿ ಎರಡೂ ಒಟ್ಟಿಗೆ ಕಾಣುತ್ತವೆ. ಮೂರನೆಯ ಹಾಳೆ ಇಟ್ಟು, ಎರಡರ ನಡುವೆ ಕೈ ಎಲ್ಲಿರಬೇಕೋ ಅಲ್ಲಿ ಗೆರೆ ಎಳೆಯಬೇಕು. ಹಾಳೆಗಳನ್ನು ಬೆರಳ ಸಂದಿಯಲ್ಲಿ ಹಿಡಿದು ಪಟಪಟನೆ ಮಗುಚಿ ಚಲನೆ ಸರಿಯಿದೆಯೇ ಎಂದು ನೋಡಬೇಕು. ಗೆರೆ ಕೂದಲೆಳೆಯಷ್ಟು ಸರಿದರೂ ತೆರೆಯ ಮೇಲೆ ಆಕೃತಿ ನಡುಗುತ್ತದೆ. ಸ್ವಂತಿಕೆಗೆ ಇಲ್ಲಿ ಜಾಗವಿಲ್ಲ. ಸಂಜೆಯವರೆಗೂ ದೀಪದ ಬೆಳಕನ್ನು ದಿಟ್ಟಿಸಿ ಕಣ್ಣು ಸೋಲುತ್ತದೆ. ಐದು ವರ್ಷ ಕಲೆ ಓದಿದ್ದ, ಆಗಲೇ ಪ್ರದರ್ಶನಗಳಲ್ಲಿ ಚಿತ್ರ ತೋರಿಸಿದ್ದ ವಾಂಗ್ ಅವರಿಗೆ ಈ ಗಾಣದೆತ್ತಿನ ಕೆಲಸ ಹಿಡಿಸಲೇ ಇಲ್ಲ.

ಆದರೆ ಸ್ಟುಡಿಯೊದ ಒಳಗಿದ್ದರೆ ಒಂದು ಲಾಭವಿತ್ತು. ಯಾವ ಚಿತ್ರ ತಯಾರಾಗುತ್ತಿದೆ, ಅದು ಎಲ್ಲಿ ತೊಡಕಿಕೊಂಡಿದೆ ಎಂಬ ಸುದ್ದಿ ಕಿವಿಗೆ ಬೀಳುತ್ತಿತ್ತು.

ಕಣ್ಣು ಎಲ್ಲಿಗೆ ಹೋಗುತ್ತದೆ

‘ಬ್ಯಾಂಬಿ’ ತಯಾರಾಗುತ್ತಿದೆ ಎಂದು ಗೊತ್ತಾದಾಗ ವಾಂಗ್ ಮೊದಲು ಕಾದಂಬರಿ ತಂದು ಓದಿದರು. ಯಾರೂ ಕೇಳಿರಲಿಲ್ಲ. ಕೆಲಸ ಮುಗಿಸಿ ಮನೆಗೆ ಹೋದ ಮೇಲೆ ಜಲವರ್ಣ, ಪ್ಯಾಸ್ಟೆಲ್ ಹಿಡಿದು ಕಾಡಿನ ಚಿತ್ರಗಳನ್ನು ಬರೆಯತೊಡಗಿದರು. ಅವು ತೀರಾ ಚಿಕ್ಕವು. ಕೆಲವು ಅಂಗೈಯಲ್ಲಿ ಹಿಡಿಯುವಷ್ಟೇ. ಅವನ್ನು ಕಲಾ ನಿರ್ದೇಶಕ ಟಾಮ್ ಕಾಡ್ರಿಕ್ ಅವರಿಗೆ ತೋರಿಸಿದರು. ಕಾಡ್ರಿಕ್ ಅವರಿಂದ ಅವು ವಾಲ್ಟ್ ಡಿಸ್ನಿ ಅವರ ಕೈಗೆ ಹೋದವು. ಚಿತ್ರತಂಡ ಹುಡುಕುತ್ತಿದ್ದುದು ಅವುಗಳಲ್ಲಿ ಸಿಕ್ಕಿತ್ತು.

ಆ ಚಿತ್ರಗಳಲ್ಲಿ ಏನಿತ್ತು ಎನ್ನುವುದಕ್ಕಿಂತ ಏನಿರಲಿಲ್ಲ ಎಂದು ನೋಡುವುದು ಸುಲಭ. ಎಲೆಗಳಿರಲಿಲ್ಲ. ಒದ್ದೆ ಕಾಗದದ ಮೇಲೆ ಹರಿಯಬಿಟ್ಟ ಹಸಿರು, ಬೂದು ಬಣ್ಣವೇ ಮರಗಳ ಗುಂಪಾಗಿ ನಿಲ್ಲುತ್ತಿತ್ತು. ಅಂಚುಗಳು ಮಸುಕಾಗಿ ಕತ್ತಲೊಳಗೆ ಕರಗುತ್ತಿದ್ದವು. ನಡುವೆ ಒಂದು ಬೆಳಕಿನ ಬಯಲು, ಅಲ್ಲಿ ಜಿಂಕೆ. ಜಿಂಕೆಯ ಕಾಲ ಬಳಿ ಮಾತ್ರ ನಾಲ್ಕಾರು ಹುಲ್ಲಿನ ಗೆರೆ. ನಾಲ್ಕಾರು ಗೆರೆ ಕಂಡ ಕಣ್ಣು ಉಳಿದ ಹುಲ್ಲುಗಾವಲನ್ನು ತಾನೇ ತುಂಬಿಕೊಳ್ಳುತ್ತದೆ.

ಇದರ ಹಿಂದೆ ದೃಷ್ಟಿಯ ಒಂದು ಸರಳ ನಿಯಮವಿದೆ. ಚಿತ್ರದಲ್ಲಿ ಬೆಳಕು ಮತ್ತು ಕತ್ತಲು ತೀಕ್ಷ್ಣವಾಗಿ ಎದುರಾಗುವ ಕಡೆಗೆ, ಸೂಕ್ಷ್ಮ ವಿವರ ಹೆಚ್ಚಿರುವ ಕಡೆಗೆ ಕಣ್ಣು ಮೊದಲು ಓಡುತ್ತದೆ. ಎಲ್ಲ ಕಡೆ ವಿವರ ತುಂಬಿದರೆ ಕಣ್ಣಿಗೆ ನೆಲೆ ಸಿಗುವುದಿಲ್ಲ. ವಿವರವನ್ನು ಪಾತ್ರದ ಸುತ್ತ ಮಾತ್ರ ಇಟ್ಟು ಉಳಿದುದನ್ನು ಮಂಜಾಗಿಸಿದರೆ, ಪಾತ್ರ ಎಷ್ಟೇ ಚಿಕ್ಕದಿರಲಿ, ಕಣ್ಣು ಅಲ್ಲೇ ಹೋಗಿ ನಿಲ್ಲುತ್ತದೆ. ಸಾಂಗ್ ಕಾಲದ ಚಿತ್ರಕಾರರು ಶತಮಾನಗಳ ಹಿಂದೆ ಬೆಟ್ಟ, ಮಂಜುಗಳಲ್ಲಿ ಮಾಡಿದ್ದ ಕೆಲಸವನ್ನೇ ವಾಂಗ್ ಅಮೆರಿಕದ ಕಾಡಿಗೆ ತಂದರು. ಓಟಿಸ್‌ನಲ್ಲಿ ಕಲಿತ ಪಾಶ್ಚಾತ್ಯ ವರ್ಣಜ್ಞಾನ ಅದಕ್ಕೆ ಬೆನ್ನೆಲುಬಾಯಿತು.

ಬಣ್ಣವನ್ನೂ ಅವರು ವಸ್ತುವಿಗೆ ಅಂಟಿದ ಗುಣವೆಂದು ನೋಡದೆ, ಸನ್ನಿವೇಶದ ಭಾವವೆಂದು ನೋಡಿದರು. ಎರಡು ಗಂಡು ಜಿಂಕೆಗಳು ಕಾದಾಡುವ ದೃಶ್ಯವನ್ನು ಗಮನಿಸಿ. ಅಲ್ಲಿ ಮೈಯ ಕಂದು ಬಣ್ಣವೇ ಇಲ್ಲ. ಕತ್ತಲಲ್ಲಿ ಎರಡು ಕಪ್ಪು ಆಕೃತಿಗಳು, ಅವುಗಳ ಅಂಚಿಗೆ ಮಾತ್ರ ಉರಿಯುವ ಬಣ್ಣ. ತಾಯಿ ಗುಂಡಿಗೆ ಬಲಿಯಾದ ಮೇಲೆ ಮರಿ ಹುಡುಕುತ್ತ ಅಲೆಯುವ ಕಡೆ, ಸುರಿಯುವ ಹಿಮವೇ ಕಾಡನ್ನು ಸ್ವಲ್ಪಸ್ವಲ್ಪವಾಗಿ ಅಳಿಸುತ್ತದೆ. ತೋರಿಸದೇ ಉಳಿಸಿದ್ದು ಇಲ್ಲಿ ದುಃಖವನ್ನು ಹೆಚ್ಚಿಸಿತು.

ಪ್ರಾಣಿಗಳ ವಿಷಯದಲ್ಲಿ ಸ್ಟುಡಿಯೊ ಇದಕ್ಕೆ ತೀರಾ ವಿರುದ್ಧ ದಾರಿ ಹಿಡಿದಿತ್ತು ಎಂಬುದು ಕುತೂಹಲದ ಸಂಗತಿ. ಮೇಯ್ನ್ ರಾಜ್ಯದಿಂದ ಎರಡು ಜೀವಂತ ಜಿಂಕೆಮರಿಗಳನ್ನು ತರಿಸಿ ಸ್ಟುಡಿಯೊದಲ್ಲೇ ಸಾಕಿದರು. ಕಲಾವಿದ ರಿಕೊ ಲೆಬ್ರುನ್ ಬಂದು ಜಿಂಕೆಯ ಮೂಳೆ, ಸ್ನಾಯುಗಳ ಪಾಠ ಹೇಳಿದರು. ಫ್ರ್ಯಾಂಕ್ ಥಾಮಸ್, ಮಿಲ್ಟ್ ಕಾಲ್, ಮಾರ್ಕ್ ಡೇವಿಸ್ ಅವರಂಥವರು ಮರಿಯ ತಡವರಿಸುವ ನಡಿಗೆಯನ್ನು ಕೀಲುಕೀಲಾಗಿ ಬಿಡಿಸಿದರು. ಪ್ರಾಣಿ ಅಷ್ಟು ನಿಖರವಾಗಿರುವುದರಿಂದಲೇ ಮಸುಕು ಕಾಡು ನಿಜವೆನಿಸುತ್ತದೆ. ಕಾಡು ಹಿಂದೆ ಸರಿದಿರುವುದರಿಂದಲೇ ಪ್ರಾಣಿಯ ನಿಖರತೆ ಕಾಣುತ್ತದೆ. ಒಂದು ಮತ್ತೊಂದಕ್ಕೆ ಆಸರೆ.

ನಂತರದ ಎರಡು ವರ್ಷ ವಾಂಗ್ ಮಾಡಿದ್ದು ಇಂಥ ನೂರಾರು ಸ್ಫೂರ್ತಿಚಿತ್ರಗಳನ್ನು. ಅವನ್ನು ಗೋಡೆಗೆ ಹಚ್ಚಿಕೊಂಡು ಹಿನ್ನೆಲೆ ಕಲಾವಿದರು, ಬಣ್ಣ ನಿರ್ಧರಿಸುವವರು ತಮ್ಮ ತಮ್ಮ ಕೆಲಸ ಮಾಡಿದರು. ತೆರೆಯ ಮೇಲೆ ಕಾಣುವ ಹೆಚ್ಚಿನ ಹಿನ್ನೆಲೆಗಳನ್ನು ಬರೆದ ಕೈಗಳು ಬೇರೆಯವರವು. ಆದರೆ ಆ ಎಲ್ಲ ಕೈಗಳೂ ನೋಡುತ್ತಿದ್ದುದು ವಾಂಗ್ ಅವರ ಚಿತ್ರಗಳನ್ನು.

ಮುಷ್ಕರ, ವಜಾ, ಹೊಸ ಬಾಗಿಲು

ಬಡವನ ಮಗ ಪ್ರತಿಭೆಯಿಂದ ಗೆದ್ದ ಎಂದು ಕಥೆಯನ್ನು ಇಲ್ಲಿಗೇ ನಿಲ್ಲಿಸಬಹುದಿತ್ತು. ಚರಿತ್ರೆ ಹಾಗೆ ನಿಲ್ಲಲಿಲ್ಲ. 1941ರ ಮೇ ಕೊನೆಯಲ್ಲಿ ಸಂಬಳ, ಸಂಘದ ಮಾನ್ಯತೆಗಾಗಿ ಡಿಸ್ನಿ ಕಲಾವಿದರು ಮುಷ್ಕರ ಹೂಡಿದರು. ವಾಂಗ್ ಮುಷ್ಕರದಲ್ಲಿ ಸೇರಲಿಲ್ಲ. ಸ್ಟುಡಿಯೊ ಕೊನೆಗೆ ಸಂಘವನ್ನು ಒಪ್ಪಿತು. ಆದರೆ ಆ ಗಲಾಟೆಯ ಬಿಸಿ ಆರುವ ಮುನ್ನವೇ ವಾಂಗ್ ಕೆಲಸ ಹೋಯಿತು. ‘ಬ್ಯಾಂಬಿ’ 1942ರ ಆಗಸ್ಟ್‌ನಲ್ಲಿ ತೆರೆಕಂಡಾಗ ಅವರು ಸ್ಟುಡಿಯೊದಲ್ಲಿ ಇರಲಿಲ್ಲ. ತೆರೆಯ ಮೇಲಿನ ಹೆಸರುಗಳ ಪಟ್ಟಿಯಲ್ಲಿ ಅವರು ಹಿನ್ನೆಲೆ ಕಲಾವಿದರ ಸಾಲಿನಲ್ಲಿ ಒಬ್ಬರು, ಅಷ್ಟೇ. ಇಡೀ ಚಿತ್ರದ ನೋಟ ಯಾರ ಕಲ್ಪನೆ ಎಂದು ಪ್ರೇಕ್ಷಕರಿಗೆ ತಿಳಿಯುವ ದಾರಿ ಇರಲಿಲ್ಲ.

ಅವರನ್ನು ಕಾಪಾಡಿದ್ದು ಮತ್ತೆ ಅದೇ ವಿದ್ಯೆ. 1942ರಲ್ಲಿ ವಾರ್ನರ್ ಬ್ರದರ್ಸ್ ಸೇರಿದರು, 1968ರಲ್ಲಿ ನಿವೃತ್ತರಾಗುವವರೆಗೆ ಅಲ್ಲೇ ದುಡಿದರು. ಅಲ್ಲಿ ಅವರದು ಕಾರ್ಟೂನ್ ಕೆಲಸವಲ್ಲ, ನಟರಿರುವ ಸಿನಿಮಾಗಳಿಗೆ ಚಿತ್ರೀಕರಣಕ್ಕೆ ಮೊದಲೇ ದೃಶ್ಯಗಳನ್ನು ಬರೆದುಕೊಡುವುದು. ಚಿತ್ರಕಥೆಯಲ್ಲಿ ಒಂದು ಸಾಲಿದ್ದರೆ ಕ್ಯಾಮೆರಾ ಎಲ್ಲಿ ನಿಲ್ಲಬೇಕು, ಬೆಳಕು ಯಾವ ಕಡೆಯಿಂದ ಬೀಳಬೇಕು, ಬಾಗಿಲು ಎಲ್ಲಿರಬೇಕು ಎಂಬುದನ್ನು ಕಾಗದದ ಮೇಲೆ ಕಾಣಿಸಬೇಕು. ಸೆಟ್ ಹಾಕುವವರು, ಛಾಯಾಗ್ರಾಹಕರು ಅದನ್ನು ನೋಡಿಕೊಂಡು ಮುಂದುವರಿಯುತ್ತಿದ್ದರು. ‘ರೆಬೆಲ್ ವಿದೌಟ್ ಎ ಕಾಸ್’, ‘ರಿಯೊ ಬ್ರಾವೊ’, ‘ದ ವೈಲ್ಡ್ ಬಂಚ್’ ಮುಂತಾದ ಚಿತ್ರಗಳ ಹಿಂದೆ ಅವರ ರೇಖೆಗಳಿವೆ. ಬಿಡುವಿನಲ್ಲಿ ಶುಭಾಶಯ ಪತ್ರಗಳಿಗೆ ಚಿತ್ರ ಬರೆದರು, ಪಿಂಗಾಣಿ ತಟ್ಟೆಗಳ ಮೇಲೂ ಬರೆದರು. ಕಲಾವಿದನೊಬ್ಬ ಮಧ್ಯಮವರ್ಗದ ಸಂಸಾರ ಕಟ್ಟಿದ್ದು ಹೀಗೆ, ಹಲವು ಸಣ್ಣ ತೊರೆಗಳ ವರಮಾನದಿಂದ.

ಚೀನೀಯರನ್ನು ಹೊರಗಿಟ್ಟ ಕಾನೂನು ರದ್ದಾದದ್ದು 1943ರಲ್ಲಿ. ವಾಂಗ್ ಅಮೆರಿಕದ ಪ್ರಜೆಯಾದದ್ದು 1946ರಲ್ಲಿ. ಅಂದರೆ ಅಮೆರಿಕದ ಮಕ್ಕಳೆಲ್ಲ ನೋಡಿದ ಕಾಡನ್ನು ಕಲ್ಪಿಸಿದಾಗ ಅವರು ಆ ದೇಶದ ಪ್ರಜೆಯೇ ಆಗಿರಲಿಲ್ಲ. ಮನ್ನಣೆ ಬರಲು ಇನ್ನೂ ಅರ್ಧ ಶತಮಾನ ಹಿಡಿಯಿತು. 2001ರಲ್ಲಿ ಡಿಸ್ನಿ ಸಂಸ್ಥೆ ಅವರಿಗೆ ‘ಡಿಸ್ನಿ ಲೆಜೆಂಡ್’ ಗೌರವ ಕೊಟ್ಟಾಗ ಅವರಿಗೆ 90 ದಾಟಿತ್ತು. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವಾಲ್ಟ್ ಡಿಸ್ನಿ ಫ್ಯಾಮಿಲಿ ಮ್ಯೂಸಿಯಂ ಅವರ ಬದುಕಿನ ಕೃತಿಗಳ ಪ್ರದರ್ಶನ ಏರ್ಪಡಿಸಿತು. 2015ರಲ್ಲಿ ನಿರ್ದೇಶಕಿ ಪಮೇಲಾ ಟಾಮ್, ವಾಂಗ್ ಅವರ ಕುರಿತು ‘ಟೈರಸ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಅಷ್ಟರಲ್ಲಿ ವಾಂಗ್ ಬೇರೆಯದೇ ಹುಚ್ಚು ಹಚ್ಚಿಕೊಂಡಿದ್ದರು. ಬಿದಿರಕಡ್ಡಿ ಸೀಳಿ, ಬಟ್ಟೆ ಕಟ್ಟಿ, ಬಣ್ಣ ಬಳಿದು ದೊಡ್ಡ ದೊಡ್ಡ ಗಾಳಿಪಟ ಮಾಡುವುದು, ಸಾಂಟಾ ಮೋನಿಕಾ ಕಡಲ ತೀರದಲ್ಲಿ ಹಾರಿಸುವುದು. ಸಾಲು ಸಾಲು ಬಿಲ್ಲೆ ಪೋಣಿಸಿದ ಅವರ ಶತಪದಿ ಗಾಳಿಪಟ ನೋಡಲು ಜನ ನಿಲ್ಲುತ್ತಿದ್ದರು. 2016ರ ಡಿಸೆಂಬರ್ 30ರಂದು, 106ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಮುಂಬೈಗೆ ಬಂದ ಜಿಂಕೆ

ಆ ಜಿಂಕೆಯ ಬಳಗದ ಒಂದು ಎಳೆ ಭಾರತಕ್ಕೂ ಬಂದಿದೆ. ‘ಬ್ಯಾಂಬಿ’ಯಲ್ಲಿ ದುಡಿದಿದ್ದ ಡಿಸ್ನಿ ಅನಿಮೇಟರ್ ಕ್ಲೇರ್ ವೀಕ್ಸ್ 1956ರಲ್ಲಿ, ಅಮೆರಿಕದ ತಾಂತ್ರಿಕ ನೆರವಿನ ಯೋಜನೆಯಡಿ ಮುಂಬೈಗೆ ಬಂದರು. ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್‌ನ ಕಾರ್ಟೂನ್ ಘಟಕಕ್ಕೆ ತರಬೇತಿ ಕೊಡುವುದು ಅವರ ಹೊಣೆ. ಆ ತಂಡ 1957ರಲ್ಲಿ ಹೊರತಂದ ಚಿತ್ರದ ಹೆಸರು ‘ದ ಬನ್ಯನ್ ಡೀರ್’. ಕಾಕತಾಳೀಯವೋ ಏನೋ, ಅದೂ ಜಿಂಕೆಯ ಕಥೆಯೇ, ಜಾತಕ ಕಥೆಗಳಿಂದ ಆಯ್ದದ್ದು. ರಸಾಯನಶಾಸ್ತ್ರ ಓದಿದ್ದ ರಾಮ್ ಮೋಹನ್ ಎಂಬ ತರುಣ ಆ ತಂಡದಲ್ಲಿ ಕೆಲಸ ಕಲಿತರು. ಮುಂದೆ ಜಪಾನಿನ ಯುಗೊ ಸಾಕೊ ಅವರ ಜೊತೆಗೂಡಿ ಅನಿಮೇಷನ್ ‘ರಾಮಾಯಣ’ ನಿರ್ದೇಶಿಸಿದವರು, ಯುನಿಸೆಫ್‌ಗಾಗಿ ‘ಮೀನಾ’ ಎಂಬ ಬಾಲಕಿಯ ಪಾತ್ರಕ್ಕೆ ರೂಪ ಕೊಟ್ಟವರು ಅವರೇ. 2014ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಭಾರತದ ಅನಿಮೇಷನ್ ಪಿತಾಮಹ ಎಂಬ ಹೆಸರು ಅವರಿಗೆ ನಿಂತಿತು.

ಇವತ್ತು ಈ ಕಸುಬಿನ ಕೆಳಗಿನ ಮೆಟ್ಟಿಲುಗಳಲ್ಲಿ ಬಹಳಷ್ಟು ಬೆಂಗಳೂರಿನಲ್ಲೇ ಇವೆ. ಕರ್ನಾಟಕ ಸರ್ಕಾರ 2012ರಲ್ಲೇ ಅನಿಮೇಷನ್, ವಿಎಫ್‌ಎಕ್ಸ್ (ದೃಶ್ಯ ಪರಿಣಾಮ), ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದಿತು. ಹೊರದೇಶದ ಸಿನಿಮಾಗಳ ಕೆಲಸ ಇಲ್ಲಿಗೆ ಬರುತ್ತದೆ. ಹೊಸಬರು ಹೆಚ್ಚಾಗಿ ಶುರುಮಾಡುವುದು ‘ರೋಟೊ’ದಿಂದ. ನಟನ ಆಕೃತಿಯ ಅಂಚನ್ನು ಫ್ರೇಮ್ ಫ್ರೇಮಿಗೂ ಗೆರೆ ಹಾಕಿ ಬಿಡಿಸುವುದು, ಆಮೇಲೆ ಅವನ ಹಿಂದೆ ಬೇರೆ ದೃಶ್ಯ ಕೂರಿಸಲು ಅನುಕೂಲವಾಗಲೆಂದು. ಇಲ್ಲವೇ ‘ಪೇಂಟ್’ ವಿಭಾಗ, ಸಾಹಸ ದೃಶ್ಯದಲ್ಲಿ ನಟನಿಗೆ ಕಟ್ಟಿದ ತಂತಿಯನ್ನು ಅಳಿಸುವ ಕೆಲಸ. ದೀಪದ ಮೇಜಿನ ಜಾಗಕ್ಕೆ ಕಂಪ್ಯೂಟರ್ ಬಂದಿದೆ, ಕಣ್ಣುನೋವು ಮಾತ್ರ ಅದೇ. ತ್ರೀಡಿ ಅನಿಮೇಷನ್‌ನಲ್ಲಿ ಎರಡು ಭಂಗಿಗಳ ನಡುವಿನ ಚಲನೆಯನ್ನು ಸಾಫ್ಟ್‌ವೇರ್ ತಾನೇ ತುಂಬಿಬಿಡುತ್ತದೆ. ಆ ಚಲನೆಗೆ ತೂಕ, ಆಲಸ್ಯ, ಆತುರ ಬರುವಂತೆ ತಿದ್ದುವುದು ಮನುಷ್ಯನ ಕೆಲಸವಾಗಿಯೇ ಉಳಿದಿದೆ.

ಈ ಉದ್ಯೋಗಗಳಿಗೆ ಭದ್ರತೆಯೇನೂ ಇಲ್ಲ. 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಎಂಬ ವಿಎಫ್‌ಎಕ್ಸ್ ಸಮೂಹ ಕುಸಿದು ಬಿದ್ದಾಗ ಬೆಂಗಳೂರಿನ ಅದರ ಸ್ಟುಡಿಯೊದ ಕಲಾವಿದರು ರಾತ್ರಿ ಬೆಳಗಾಗುವುದರಲ್ಲಿ ಕೆಲಸ ಕಳೆದುಕೊಂಡರು. ಅವರ ಕೆಲಸದಲ್ಲಿ ಕುಂದಿತ್ತೆಂದು ಹಾಗಾಗಲಿಲ್ಲ. 1941ರಲ್ಲಿ ವಾಂಗ್ ಕೆಲಸ ಹೋದಾಗಲೂ ಅವರ ಚಿತ್ರಗಳಲ್ಲಿ ಕುಂದಿರಲಿಲ್ಲ.

ಹಾಗಾಗಿ ಈ ಕಸುಬಿಗೆ ಬರಲು ಬಯಸುವ ಹುಡುಗ ಹುಡುಗಿಯರಿಗೆ ವಾಂಗ್ ಬದುಕಿನಿಂದ ‘ಶ್ರಮಪಟ್ಟರೆ ಫಲ’ ಎಂಬ ಸವೆದ ಮಾತನ್ನು ಎತ್ತಿಕೊಡುವುದು ಸರಿಯಲ್ಲ. ಇನ್‌ಬಿಟ್ವೀನರುಗಳೆಲ್ಲರೂ ಶ್ರಮಪಟ್ಟವರೇ. ವ್ಯತ್ಯಾಸ ಮಾಡಿದ್ದು ಸಾಂಗ್ ಚಿತ್ರಗಳು ಮತ್ತು ನೀರಿನ ಅಕ್ಷರಗಳು, ಅಂದರೆ ಸ್ಟುಡಿಯೊದ ಪಾಠಪಟ್ಟಿಯಲ್ಲಿ ಇಲ್ಲದ ಕಲಿಕೆ. ಸಾಫ್ಟ್‌ವೇರ್ ಕಲಿಸಲು ಬೆಂಗಳೂರಿನ ಬೀದಿಬೀದಿಗೆ ಸಂಸ್ಥೆಗಳಿವೆ, ಎಲ್ಲರಿಗೂ ಕಲಿಸುವುದು ಒಂದೇ. ತೊಗಲುಗೊಂಬೆಯ ಚರ್ಮ ಹದ ಮಾಡುವ ಮನೆಯಿಂದ ಬಂದವರಿಗೆ, ಯಕ್ಷಗಾನದ ಬಣ್ಣದ ವೇಷ ನೋಡುತ್ತ ಬೆಳೆದವರಿಗೆ, ಮೈಸೂರು ಚಿತ್ರದ ಗೆರೆ ತಿದ್ದಿದವರಿಗೆ ಅದರಾಚೆಯದೊಂದು ಬಂಡವಾಳ ಆಗಲೇ ಕೈಯಲ್ಲಿದೆ. ಸ್ಟುಡಿಯೊ ಎಂದೋ ಒಂದು ದಿನ ತನಗೆ ಬಿಡಿಸಲಾಗದ ಗಂಟನ್ನು ಮೇಜಿನ ಮೇಲಿಟ್ಟಾಗ ಆ ಬಂಡವಾಳ ಲೆಕ್ಕಕ್ಕೆ ಬರುತ್ತದೆ. ಸ್ಟುಡಿಯೊದ ಬಾಗಿಲೇ ಮುಚ್ಚಿದರೆ, ಜೊತೆಯಲ್ಲಿ ಕೊಂಡೊಯ್ಯಬಹುದಾದದ್ದೂ ಅದೊಂದೇ.